ಕಣ್ಣಿಗೆ ಕಾಣದಷ್ಟು ಸಣ್ಣ ಬ್ಲ್ಯಾಕ್ ಹೋಲ್ ಭೂಮಿ ಒಳಗೆ ಹೋದ್ರೆ ಎಷ್ಟು ದಿನದಲ್ಲಿ ಭೂಮಿ ಖಾಲಿ ಆಗುತ್ತೆ?

ದಿನದ ಲೆಕ್ಕವೇ ಅಲ್ಲರೀ ಇದು. ನಾನು ದಾವಣಗೆರೆಲಿ ಪಿಯುಸಿ ಹುಡುಗ್ರಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ಕೊಡೋನು, ಗುರುತ್ವ ಪಾಠಕ್ಕೆ ಬಂದಾಗೆಲ್ಲ ಈ ಪ್ರಶ್ನೆ ಯಾರಾದ್ರೂ ಎತ್ತೇ ಎತ್ತುತಾರೆ, ನನ್ನ ಊರು ಚಿತ್ರದುರ್ಗ ಆಗಿರೋದ್ರಿಂದ ಬ್ಲ್ಯಾಕ್ ಹೋಲನ್ನ ಕೋಟೆ ಬಂಡೆ ಮೇಲಿಂದಲೇ ಕೈಬಿಡ್ತೀನಿ.

ತೂಕ 100 ಕೋಟಿ ಟನ್ ಅಂತ ಇಟ್ಕೊಳ್ಳಿ. ಗಾತ್ರ? ಪರಮಾಣುವಿನ ನಡುವೆ ಇರೋ ಒಂದು ಪ್ರೋಟಾನ್ ಕಣದಷ್ಟು! ಒಂದು ಮೀಟರ್ ದೂರದಲ್ಲಿ ಅದರ ಎಳೆತ ಭೂಮಿಯದರ ಸುಮಾರು 7 ಪಟ್ಟು, ಆದ್ರೆ 10 ಮೀಟರ್ ಆಚೆಗೆ ಹೋದ್ರೆ ಭೂಮಿಯದರ 15ರಲ್ಲಿ ಒಂದು ಪಾಲು ಅಷ್ಟೇ. ಹಾಗಂತ ಹತ್ರ ಹೋಗೋ ಹಾಗಿಲ್ಲ, ವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಅದು ಸುಮಾರು 12,000 ಕೋಟಿ ಡಿಗ್ರಿ ಬಿಸಿ ಇರುತ್ತೆ, ಎಳೆತ ಹಾಗಿರ್ಲಿ, ಆ ಬಿಸಿಗೆ ಹೊಮ್ಮೋ ಗಾಮಾ ಕಿರಣವೇ ಕಥೆ ಮುಗಿಸುತ್ತೆ.

ಇಷ್ಟು ಸಣ್ಣದನ್ನ ಯಾವ ಬಂಡೆನೂ ತಡೆಯಲ್ಲ. ನೇರ ಒಳಗಿಳಿದು ಸುಮಾರು 40 ನಿಮಿಷಕ್ಕೆ ಆ ಕಡೆ ಪೆಸಿಫಿಕ್ ಸಾಗರದಲ್ಲಿ ತಲೆ ಎತ್ತಿ ಮತ್ತೆ ವಾಪಸ್ ಬೀಳುತ್ತೆ. ಮಜಾ ಏನಂದ್ರೆ ಅದು ಭೂಮಿಯ ನಡುಮಧ್ಯಕ್ಕೆ ಹೋಗೋದೇ ಇಲ್ಲ, ದುರ್ಗ ಭೂಮಿ ಜೊತೆ ಪೂರ್ವಕ್ಕೆ ತಿರುಗ್ತಾ ಇರುತ್ತಲ್ಲ, ಆ ವೇಗ ಇದಕ್ಕೂ ಇರೋದ್ರಿಂದ ಕೇಂದ್ರದಿಂದ ಸುಮಾರು 300 ಕಿ.ಮೀ. ಪಕ್ಕದಲ್ಲಿ ಹಾದು ಹೋಗುತ್ತೆ, ವಾಪಸ್ ಬರೋ ಹೊತ್ತಿಗೆ ದುರ್ಗನೂ ಪೂರ್ವಕ್ಕೆ ಸರಿದಿರುತ್ತೆ, ಹಂಗಾಗಿ ಅದು ಮೇಲೆ ಬರೋದು ಅರಬ್ಬಿ ಸಮುದ್ರದಲ್ಲಿ.

ಇನ್ನು ನುಂಗೋ ವಿಷಯ. ಬಾಯಿ ಪ್ರೋಟಾನಿನಷ್ಟು, ಜೊತೆಗೆ ಅದರಿಂದ ಹೊಮ್ಮೋ ವಿಕಿರಣ ಬರೋ ವಸ್ತುವನ್ನ ಹೊರಗೆ ತಳ್ತಾ ಇರುತ್ತೆ. ಧಾರಾಳವಾಗಿ ಸೆಕೆಂಡಿಗೆ 1 ಗ್ರಾಂ ನುಂಗುತ್ತೆ ಅಂತಲೇ ಕೊಟ್ರೂ ಅದರ ತೂಕ ದುಪ್ಪಟ್ಟಾಗೋಕೆ 3 ಕೋಟಿ ವರ್ಷ ಬೇಕು, ಆಮೇಲೂ ಅದು ಭೂಮಿ ಮುಂದೆ ಏನೂ ಅಲ್ಲ.

2008ರಲ್ಲಿ ಯೂರೋಪಿನಲ್ಲಿ ಕಣಗಳನ್ನ ಡಿಕ್ಕಿ ಹೊಡೆಸೋ ಯಂತ್ರ ಎಲ್‌ಎಚ್‌ಸಿ ಶುರುವಾದಾಗ ಟಿವಿಯವರು ಪ್ರಳಯ ಅಂತ ಬೊಬ್ಬೆ ಹೊಡೆದಿದ್ದು ಇದರ ಮುಂದೆ ತೀರಾ ಚಿಲ್ಲರೆ. ಅಲ್ಲಿ ಬ್ಲ್ಯಾಕ್ ಹೋಲ್ ಹುಟ್ಟಿದ್ದೇ ಆದ್ರೆ ಅದು ಒಂದು ಅಣುವಿನಷ್ಟೂ ದೂರ ಹೋಗೋ ಮೊದಲೇ ಆವಿ ಆಗುತ್ತೆ, ಇಲ್ಲೀವರೆಗೆ ಒಂದೂ ಸಿಕ್ಕಿಲ್ಲ, ಅದಕ್ಕಿಂತ ಜೋರಾದ ಡಿಕ್ಕಿಗಳನ್ನ ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳು ನಮ್ಮ ತಲೆ ಮೇಲಿನ ಗಾಳಿಯಲ್ಲಿ ಕೋಟ್ಯಂತರ ವರ್ಷದಿಂದ ಮಾಡ್ತಾನೇ ಇವೆ.

ನಿಜವಾಗಿ ಆಕಾಶದಿಂದ ಬರೋದಾದ್ರೆ ವಿಶ್ವ ಹುಟ್ಟಿದ ಹೊತ್ತಲ್ಲೇ ಆಗಿರಬಹುದಾದ ಆದಿಕಾಲದ ಬ್ಲ್ಯಾಕ್ ಹೋಲೇ ಬರಬೇಕು, ಅಂಥವು ಇದ್ದಿದ್ದೇ ಆದ್ರೆ ಸೆಕೆಂಡಿಗೆ 200 ಕಿ.ಮೀ. ಆಸುಪಾಸಿನ ವೇಗದಲ್ಲಿ ಬಂದು ಒಂದು ನಿಮಿಷದಲ್ಲಿ ಭೂಮಿ ತೂರಿ ಆಚೆ ಹೋಗಿಬಿಡ್ತಾವೆ, ಒಳಗೆ ಕೂರೋ ಮಾತೇ ಇಲ್ಲ.