‘ಪ್ರಿಫರ್’ ಜೊತೆ ‘ದ್ಯಾನ್’ ಯಾಕೆ ಕೂಡುವುದಿಲ್ಲ?

ಪ್ರಶ್ನೆ: ‘ಐ ಪ್ರಿಫರ್ ರೊಟ್ಟಿ ದ್ಯಾನ್ ರೈಸ್’ ಎಂದು ಬರೆದಿದ್ದಕ್ಕೆ ನಮ್ಮ ಸರ್ ಕೆಂಪು ಗೆರೆ ಎಳೆದರು. ‘ವುಡ್ ರಾದರ್’ ಬರೆದರೆ ಮಾತ್ರ ‘ದ್ಯಾನ್’ ಹಾಕಬಹುದಂತೆ. ಎರಡರ ಅರ್ಥವೂ ಒಂದೇ ಅಲ್ಲವೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಅರ್ಥ ಹತ್ತಿರದ್ದೇ, ವಾಕ್ಯದ ಕಟ್ಟು ಬೇರೆ. ‘ಅನ್ನಕ್ಕಿಂತ ರೊಟ್ಟಿ ಇಷ್ಟ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಬರೆಯುವಾಗ ‘ಗಿಂತ’ ಇದ್ದ ಕಡೆ ‘ದ್ಯಾನ್’ ತಾನಾಗಿ ಬಂದು ಕೂರುತ್ತದೆ. ‘ಪ್ರಿಫರ್’ ಲ್ಯಾಟಿನ್ ಮೂಲದ ಪದ, ‘ಮುಂದೆ ಒಯ್ಯು’ ಎಂಬುದು ಮೂಲಾರ್ಥ. ಹೋಲಿಕೆ ಪದದೊಳಗೇ ಇದೆ. ಹಾಗಾಗಿ ‘ಐ ಪ್ರಿಫರ್ ರೊಟ್ಟಿ ಟು ರೈಸ್’ ಸರಿ. ‘ಮೋರ್ ಪ್ರಿಫರ್’ ಬೇಡವೇ ಬೇಡ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಸಹ ಲ್ಯಾಟಿನ್‌ನವೇ, ಅವಕ್ಕೂ ‘ಟು’.

ಹೆಚ್ಚು ಜನ ಎಡವುವುದು ಕೆಲಸಗಳನ್ನು ಹೋಲಿಸುವಾಗ. ‘ಐ ಪ್ರಿಫರ್ ವಾಕಿಂಗ್ ಟು ಟೇಕಿಂಗ್ ಆನ್ ಆಟೋ’ ಎನ್ನಬೇಕು, ‘ಟು ಟೇಕ್’ ಅಲ್ಲ. ಈ ‘ಟು’ ಮೇಲಿನ ‘ಟು ರೈಸ್’ನದೇ; ಅದರ ಮುಂದೆ ಹೆಸರಿನಂಥ ರೂಪ ಬೇಕು, ನಮ್ಮ ‘ಹೋಗುವುದು’, ‘ಬರುವುದು’ ಇದ್ದ ಹಾಗೆ. ‘ಐ ಪ್ರಿಫರ್ ಟು ವಾಕ್’ ಎಂದು ಶುರು ಮಾಡಿದ್ದರೆ ‘ರಾದರ್ ದ್ಯಾನ್ ಟೇಕ್ ಆನ್ ಆಟೋ’ ಎಂದು ಮುಗಿಸಿ.

‘ವುಡ್ ರಾದರ್’ ಆದಮೇಲೆ ಬರೀ ಕ್ರಿಯಾಪದ, ‘ದ್ಯಾನ್’ ಆಚೆಗೂ ಬರೀ ಕ್ರಿಯಾಪದ: ‘ಐ ವುಡ್ ರಾದರ್ ಟೇಕ್ ದ ಬಸ್ ದ್ಯಾನ್ ವೇಟ್ ಫಾರ್ ದ ಟ್ರೇನ್’. ಬೇಡ ಎನ್ನಲು ‘ಐ ವುಡ್ ರಾದರ್ ನಾಟ್ ಗೋ’.

ಇನ್ನೊಬ್ಬರಿಂದ ಆಗಬೇಕಾದ ಕೆಲಸವಾದರೆ ಕ್ರಿಯಾಪದ ಭೂತಕಾಲಕ್ಕೆ ಹೋಗುತ್ತದೆ: ‘ಐ ವುಡ್ ರಾದರ್ ಯು ಕೇಮ್ ಟುಮಾರೋ’. ನಾಳೆಯ ಮಾತಿಗೆ ‘ಕೇಮ್’ ಹೇಗೆ ಎಂದು ಗಾಬರಿಯಾಗಬೇಡಿ. ‘ನಾಳೆ ಬಂದರೆ ಚಲೋ’ ಎನ್ನುತ್ತೀರಲ್ಲ, ಆ ‘ಬಂದರೆ’ಯಲ್ಲಿರುವುದೂ ‘ಬಂದ’ ಎಂಬ ಭೂತಕಾಲದ ರೂಪವೇ. ಕನ್ನಡದಿಂದ ಹುಟ್ಟಿದ ತಪ್ಪು ‘ದ್ಯಾನ್’ ಆದರೆ, ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ.

ಸಂದರ್ಶನದಲ್ಲಿ ‘ಡು ಯು ಪ್ರಿಫರ್ ಟೀ ಆರ್ ಕಾಫಿ?’ ಎಂದರೆ ನಿಮ್ಮ ರೂಢಿ ಕೇಳುತ್ತಿದ್ದಾರೆ. ‘ವುಡ್ ಯು ಪ್ರಿಫರ್’ ಎಂದರೆ ಈಗ ಏನು ತರಿಸಲಿ ಎಂದು. ಎರಡನೆಯದಕ್ಕೆ ‘ಟೀ, ಪ್ಲೀಸ್’ ಸಾಕು.

ಬರೆಯುವಾಗ ‘ಪ್ರಿಫರ್ಡ್’, ‘ಪ್ರಿಫರಿಂಗ್’ ನಡುವೆ ಎರಡು ‘ಆರ್’ ಬರುತ್ತವೆ, ಉಚ್ಚಾರಣೆಯ ಒತ್ತು ‘ಫರ್’ ಮೇಲಿರುವುದರಿಂದ. ‘ಪ್ರೆಫರೆನ್ಸ್’ನಲ್ಲಿ ಒತ್ತು ಮೊದಲಿಗೇ ಸರಿಯುತ್ತದೆ, ಅಲ್ಲಿ ‘ಫ್’ ಆದಮೇಲೆ ಒಂದೇ ‘ಆರ್’.