ಭಾರ ಬಿದ್ದ ಏಟೇ ಸಮ ಎಂದುಕೊಂಡವನ ಉತ್ತರ

ಬೊಸ್ಸಾ ನೋವಾ ಎಂಬ ಮೆಲುದನಿಯ ಹಾಡುಗಳಲ್ಲಿ ಯಾವ ಇಪ್ಪತ್ತನ್ನು ಬಾಯಿಪಾಠ ಮಾಡಿದರೆ ಜಾಝ್ ಟ್ರಂಪೆಟ್‌ನವರು ಬ್ರೆಜಿಲ್ ಸಂಗೀತದೊಳಗೆ ಹೋಗಬಹುದು ಎಂದು ಕೇಳಿದ್ದೀರಿ. ನನ್ನ ಪಟ್ಟಿಯಲ್ಲಿ ಮೂವತ್ತಿದ್ದವು. ಬೆಂಗಳೂರಿನಲ್ಲಿ ಎರಡು ವರ್ಷ ಕೂತು ಒಂದೊಂದನ್ನೂ ಮೂರು ಶ್ರುತಿಯಲ್ಲಿ ಕಲಿತು, ಪೆಟ್ಟಿಗೆ ಹೆಗಲಿಗೇರಿಸಿ ಮೂರು ತಿಂಗಳ ಮಟ್ಟಿಗೆ ರಿಯೊ ಡಿ ಜನೈರೊಗೆ ಹೋದೆ. ಆ ಮೂವತ್ತರಲ್ಲಿ ಒಂದನ್ನೂ ಅಲ್ಲಿ ಯಾರೂ ನುಡಿಸು ಎನ್ನಲಿಲ್ಲ.

ಮೂರನೆಯ ವಾರ, ನಾನಿದ್ದ ಕಟ್ಟಡದ ಕೆಳಮಹಡಿಯ ಗಿಟಾರ್ ವಾದಕರು ಲರಂಜೇರಾಸ್ ಬಡಾವಣೆಯ ಒಂದು ಬಾರ್‌ಗೆ ಕರೆದುಕೊಂಡು ಹೋದರು. ನಡುವೆ ಒಂದು ಮೇಜು. ಸುತ್ತ ಅವರ ಏಳು ತಂತಿಯ ಗಿಟಾರು, ನಾಲ್ಕು ತಂತಿಯ ಪುಟ್ಟ ಕವಕೀನ್ಯೊ, ಒಂದು ಫ್ಲೂಟು, ಕಂಜಿರದಂಥ ಚರ್ಮವಾದ್ಯ ಪಾಂಡೇರೊ ಒಂದು. ಕೇಳುಗರಿಗೆ ಬೆನ್ನುಕೊಟ್ಟು ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸುತ್ತಾರೆ. ಈ ಕೂಟದ ಹೆಸರು ಬರೆಯುವಾಗ ರೋಡಾ, ರಿಯೊದವರ ಬಾಯಲ್ಲಿ ಹೋಡಾ. ನುಡಿಸುತ್ತಿದ್ದುದು ಶೋರೊ, ಹತ್ತೊಂಬತ್ತನೆಯ ಶತಮಾನದ ರಿಯೊದಲ್ಲಿ ಹುಟ್ಟಿದ್ದು. ಅದರ ಮುಂದೆ ಬೊಸ್ಸಾ ನೋವಾ ಮೊಮ್ಮಗು.

ನನ್ನ ತಪ್ಪು ಇಷ್ಟೇ: ಭಾರ ಬಿದ್ದ ಏಟನ್ನು ಸಮ, ಅಂದರೆ ಆವರ್ತದ ಮೊದಲ ಏಟು, ಎಂದುಕೊಂಡೆ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಸಾಂಬಾ, ಶೋರೊ ಎರಡೂ ಎರಡೇಟಿನ ಆವರ್ತ. ಸಾಂಬಾ ಶಾಲೆ ಎಂದು ಕರೆಯುವ ಕಾರ್ನಿವಲ್ ಮೆರವಣಿಗೆಯ ತಂಡಗಳಲ್ಲಿ ಸುರ್ದೊ ಎಂಬ ದೊಡ್ಡ ಡೋಲುಗಳಿರುತ್ತವೆ. ಅವುಗಳಲ್ಲಿ ಅತಿ ತಗ್ಗಿನದು, ಎದೆಗೇ ಗುದ್ದುವಂಥದ್ದು, ಬಾರಿಸುವುದು ಎರಡನೆಯ ಏಟನ್ನು. ಮೊದಲನೆಯದನ್ನು ಕೊಡುವುದು ಅದಕ್ಕಿಂತ ಮೇಲಿನ ಶ್ರುತಿಯ ಇನ್ನೊಂದು ಸುರ್ದೊ. ಪಾಂಡೇರೊದಲ್ಲಿ ಇದೇ ಲೆಕ್ಕ ಬಾರಿಸುವ ಕೈಯ ಒಂದು ಹೆಬ್ಬೆರಳಿಗೆ ಇಳಿದಿದೆ. ಮೊದಲ ಏಟಿಗೆ, ವಾದ್ಯ ಹಿಡಿದ ಕೈಯ ಬೆರಳನ್ನು ಕೆಳಗಿನಿಂದ ಚರ್ಮಕ್ಕೆ ಒತ್ತಿ ‘ಟಪ್’. ಎರಡನೆಯದಕ್ಕೆ ಆ ಬೆರಳನ್ನು ಬಿಟ್ಟು ‘ಧೂಂ’.

ಚಿಕ್ಕಂದಿನಿಂದ ಆದಿತಾಳ ಹಾಕಿ ಬೆಳೆದವನು ನಾನು. ಧೂಂ ಎಂದಲ್ಲೇ ನನ್ನ ಕೈ ತೊಡೆಯ ಮೇಲೆ ಬಿತ್ತು. ಜಾಝ್‌ನಲ್ಲೂ ಡ್ರಮ್ಸ್‌ನವರು ಕಾಲಿನಿಂದ ಮುಚ್ಚುವ ಜೋಡಿ ತಾಳ, ಹೈ-ಹ್ಯಾಟ್, ಎರಡು, ನಾಲ್ಕಕ್ಕೆ ಬೀಳುತ್ತದಲ್ಲ, ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ಅದು ‘ಚಿಕ್’ ಎನ್ನುವ ತೆಳು ಸದ್ದು. ತಗ್ಗಿನ ಸದ್ದು ಎರಡರ ಮೇಲೆ ಬಿದ್ದರೆ ಕಿವಿ ಮೋಸಹೋಗುತ್ತದೆ. ಶೋರೊದ ಹಾಡೋ, ಎಷ್ಟೋ ಸಲ ಮೂರು ಪುಟ್ಟ ಸ್ವರಗಳನ್ನು ಮುಂಚೆಯೇ ಚೆಲ್ಲಿ ಆಮೇಲೆ ಮೊದಲ ಏಟಿಗೆ ಇಳಿಯುತ್ತದೆ, ನಮ್ಮ ಅತೀತ ಗ್ರಹದ ಹಾಗೆ. ನನ್ನ ಲೆಕ್ಕದಲ್ಲಿ ಅದು ಎರಡನೆಯ ಏಟಿಗೆ ಇಳಿಯುತ್ತಿತ್ತು. ಅನುಮಾನ ಬರಬೇಕಿತ್ತು. ಬರಲಿಲ್ಲ. ಎಂಥ ಚಮತ್ಕಾರದ ಸಂಗೀತ ಎಂದು ತಲೆದೂಗಿದೆ.

ಹಾಡು ಇದ್ದಂತೆ ನುಡಿಸುವಷ್ಟು ಹೊತ್ತು ಫ್ಲೂಟಿನ ಬೆನ್ನು ಹಿಡಿದು ಬಚಾವಾದೆ. ಎರಡನೆಯ ಭಾಗ ಮರಳಿ ಬಂದಾಗ ಗಿಟಾರಿನವರು ಕಣ್ಸನ್ನೆ ಮಾಡಿದರು. ನಾನು ಬೀಬಾಪ್ ಎಂಬ ವೇಗದ ಜಾಝ್ ಶೈಲಿ ಬಿಚ್ಚಿದೆ. ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಬದಲಾಗಿ ಪೂರ್ತಿ ಒಂದು ಏಟು ಕಳೆದ ಮೇಲೆ ನಾನು ಬದಲಾಗುತ್ತಿದ್ದೆ, ಬಸ್ಸು ಹೊರಟ ಮೇಲೆ ಕೈ ಬೀಸುತ್ತ ಓಡಿಬರುವವನ ಹಾಗೆ, ಪ್ರತಿ ಸಲವೂ. ಫ್ಲೂಟಾಗಿದ್ದರೆ ಮುಚ್ಚಿಹೋಗುತ್ತಿತ್ತೇನೋ, ಇದು ಮ್ಯೂಟ್ ಹಾಕದ ಟ್ರಂಪೆಟ್. ಕವಕೀನ್ಯೊದವರು ನನ್ನತ್ತ ಬಾಗಿ ಮೀಟು ಜೋರುಮಾಡಿದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ಪಾಂಡೇರೊದವರು ಅಲಂಕಾರವನ್ನೆಲ್ಲ ಕೈಬಿಟ್ಟು ಮಗುವಿಗೆ ತುತ್ತಿಡುವಂತೆ ಬರೀ ಟಪ್ ಧೂಂ, ಟಪ್ ಧೂಂ ಎಂದು ಬಾರಿಸಿದರು. ನಾನು ಇನ್ನೊಂದು ಸುತ್ತು ಊದಿದೆ.

ಯಾರೂ ಬೈಯಲಿಲ್ಲ. ಬಿಯರ್ ಕೊಡಿಸಿದರು. ಉಳಿದ ವಾರಗಳಲ್ಲಿ ಒಮ್ಮೆಯೂ ಆ ಮೇಜಿಗೆ ಕರೆಯಲಿಲ್ಲ. ಕೆಳಮಹಡಿಯವರು ಮೆಟ್ಟಿಲಲ್ಲಿ ಸಿಕ್ಕರೆ ಮಳೆಯ ಮಾತಾಡಿ ಹೋಗುತ್ತಿದ್ದರು. ಹೊರಡಲು ಹದಿನೈದು ದಿನವಿದೆ ಎನ್ನುವಾಗ, ಬೇಸರ ಕಳೆಯಲೆಂದು ಒಬ್ಬರ ಬಳಿ ಪಾಂಡೇರೊ ಪಾಠಕ್ಕೆ ಹೋದೆ. ಅವರು ನನ್ನ ಹೆಬ್ಬೆರಳು ಹಿಡಿದು ಟಪ್ ಎನ್ನುವಲ್ಲಿ ‘ಉಂ’, ಧೂಂ ಎನ್ನುವಲ್ಲಿ ‘ದೋಯ್ಸ್’ ಎಂದು ಎಣಿಸಿದರು. ಒಂದು, ಎರಡು. ಪೋರ್ಚುಗೀಸಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಎರಡೇ ಪದಗಳು. ಕಿವಿ ಬಿಸಿಯಾಯಿತು.

ಆದ್ದರಿಂದ ಇಪ್ಪತ್ತು ಹಾಡು ಬೇಡ. 1962ರ ‘ಜಾಝ್ ಸಾಂಬಾ’ ಆಲ್ಬಮ್‌ನಿಂದ ಶುರುಮಾಡಲೇ ಎಂದೂ ಕೇಳಿದ್ದೀರಿ. ಅದರಲ್ಲಿ ಅಮೆರಿಕದ ಸ್ಟ್ಯಾನ್ ಗೆಟ್ಜ್ ಅವರ ಸ್ಯಾಕ್ಸೊಫೋನ್ ಅಮೃತ, ಒಪ್ಪುತ್ತೇನೆ. ಆದರೆ ಅದು ವಾಷಿಂಗ್ಟನ್ನಿನ ಚರ್ಚೊಂದರಲ್ಲಿ, ಒಬ್ಬ ಬ್ರೆಜಿಲಿಯನ್ನರೂ ಇಲ್ಲದೆ ಮುದ್ರಿಸಿದ್ದು. ಬೊಸ್ಸಾ ನೋವಾಕ್ಕೆ ರೂಪ ಕೊಟ್ಟ ಗಾಯಕ ಜೊವಾಂವ್ ಜಿಲ್ಬರ್ಟೊ 1958ರ ಹೊತ್ತಿಗೆ ಗಿಟಾರಿನಲ್ಲಿ ಮಾಡಿದ್ದೂ ಸಾಂಬಾದ ವಾದ್ಯಗಳನ್ನು ಬೆರಳಿಗೆ ಇಳಿಸುವ ಕೆಲಸವೇ: ಹೆಬ್ಬೆರಳು ಸುರ್ದೊ, ಉಳಿದ ಬೆರಳುಗಳು ತಂಬೊರಿಂ ಎಂಬ ಪುಟ್ಟ ಚರ್ಮವಾದ್ಯ. ಮೂಲದ ವಾದ್ಯ ಕೇಳದೆ ಅವರ ಬೆರಳು ಅರ್ಥವಾಗುವುದಿಲ್ಲ.

ಟ್ರಂಪೆಟ್ಟನ್ನೇ ಕೇಳಬೇಕೆಂದಿದ್ದರೆ ಕ್ಲಾಡಿಯೊ ರೊಡಿಟಿ ಇದ್ದಾರೆ. ರಿಯೊದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಜಾಝ್ ಟ್ರಂಪೆಟ್‌ನ ದಿಗ್ಗಜ ಡಿಜ್ಜಿ ಗಿಲೆಸ್ಪಿಯವರ ಜೊತೆ ನುಡಿಸಿದವರು, 2020ರಲ್ಲಿ ತೀರಿಕೊಂಡರು. ಬೀಬಾಪ್‌ನ ಮಾತನ್ನೇ ಆಡುತ್ತಾರೆ, ಆದರೆ ಕಾರ್ಡ್ ಬದಲಾಗುವಲ್ಲಿ ಬದಲಾಗುತ್ತಾರೆ! ಇನ್ನು ರೆಸೀಫೆ ಊರಿನ ಫ್ರೆವೊ: ಕಾರ್ನಿವಲ್ ಬೀದಿಯಲ್ಲಿ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳು ಉಸಿರು ಬಿಡದೆ ಓಡುವ ಸಂಗೀತ. ನಮ್ಮ ವಾದ್ಯಕ್ಕೆ ಹೇಳಿಮಾಡಿಸಿದ ಇದನ್ನು ಬಿಟ್ಟು ಎಲ್ಲರೂ ಕಡಲ ದಂಡೆಯ ಮೆಲುದನಿಗೇ ಏಕೆ ಮುಗಿಬೀಳುತ್ತಾರೋ.

ಹತ್ತಂಗುಲದ ಒಂದು ಪಾಂಡೇರೊ ತರಿಸಿಕೊಳ್ಳಿ. ಟಪ್ ಎನ್ನುವಲ್ಲಿ ನಿಮ್ಮ ಕಾಲು ತಾನಾಗಿ ಬೀಳುವವರೆಗೆ, ಮೂರು ತಿಂಗಳಾದರೂ ಸರಿ, ಅದನ್ನೇ ಬಾರಿಸಿ. ಆಮೇಲೆ ರಿಯೊಗೆ ಹೋಗಿ, ಪಾಂಡೇರೊದವರ ಹಿಂದೆ ನಿಂತುಕೊಳ್ಳಿ. ಟ್ರಂಪೆಟ್ ಕೋಣೆಯಲ್ಲೇ ಇರಲಿ. ಆಸೆ ತಡೆಯದಿದ್ದರೆ ಮೌತ್‌ಪೀಸ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಎರಡನೆಯ ಸಲ ಹೋದಾಗ ನಾನೂ ಅಷ್ಟನ್ನೇ ಇಟ್ಟುಕೊಂಡಿದ್ದೆ.