ಉತ್ತರ: ಕೊನೆಯ ದಿನ ಶುಚಿ ಮಾಡುವ ದರ ಸೊನ್ನೆ ಆಗುವುದು ಯಾಕೆ?

ತುಮಕೂರಿನ ನಿಮ್ಮ ಕಾಲೇಜು ಲ್ಯಾಬಿನಲ್ಲಿ ಕಂಪ್ಯೂಟರ್ ವೈರಸ್ ಹೇಗೆ ಹರಡುತ್ತದೆ ಅನ್ನುವ ನಿಮ್ಮ ಗಣಿತದ ಮಾದರಿ ನೋಡಿದೆ. ಸೋಂಕಿತ ಕಂಪ್ಯೂಟರ್‌ಗಳು ಉಳಿದಿರುವಾಗಲೇ ಕೊನೆಯ ದಿನ ಶುಚಿ ಮಾಡುವ ದರ (ಸೋಂಕಿತ ಯಂತ್ರಗಳಲ್ಲಿ ದಿನಕ್ಕೆ ಎಷ್ಟು ಪಾಲು ಶುಚಿ ಮಾಡಬೇಕು ಅನ್ನುವುದು) ಸೊನ್ನೆ ಆಗುತ್ತಿದೆ, ಕೋಡ್ ತಪ್ಪಾ ಅಂತ ಕೇಳಿದ್ದೀರಿ. ಕೋಡ್ ಸರಿಯಾಗಿಯೇ ಇದೆ.

ನಿಮ್ಮ ವೆಚ್ಚದ ಸೂತ್ರದಲ್ಲಿ ಇರುವುದು ಎರಡೇ: ದಿನದಿನದ ಸೋಂಕಿನ ನಷ್ಟ, ಶುಚಿ ಮಾಡುವ ದರದ ವರ್ಗ (ಸ್ಕ್ವೇರ್). ಕೊನೆಯ ದಿನ ದಾಟಿದ ಮೇಲೆ ಏನಾದರೂ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಪಾಂಟ್ರಿಯಾಗಿನ್ ತತ್ವದಲ್ಲಿ, ಅಂದರೆ ವೆಚ್ಚ ಅತಿ ಕಡಿಮೆ ಆಗುವ ದರ ಹುಡುಕುವ ಗಣಿತದ ನಿಯಮದಲ್ಲಿ, ಆ ದಿನ ಲ್ಯಾಂಬ್ಡಾಗಳೆಲ್ಲ (ಸೋಂಕಿತ ಯಂತ್ರಕ್ಕೊಂದು, ಶುಚಿಯಾದ ಯಂತ್ರಕ್ಕೊಂದು) ಸೊನ್ನೆ. ದರ ಬರುವುದು ಅವುಗಳ ವ್ಯತ್ಯಾಸದಿಂದ, ಅದೂ ಸೊನ್ನೆ. ಇವತ್ತು ಒಂದು ಯಂತ್ರಕ್ಕೆ ಸೋಂಕು ಇದ್ದರೆ ಮುಂದೆ ಎಷ್ಟು ನಷ್ಟ ಅನ್ನುವುದೇ ಲ್ಯಾಂಬ್ಡಾ. ಸೂತ್ರದಲ್ಲಿ 'ಮುಂದೆ' ಅನ್ನುವುದೇ ಇಲ್ಲದಿದ್ದರೆ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು, ಅಲ್ವಾ? ಕೊನೆಯ ದಿನ ಉಳಿದ ಸೋಂಕಿಗೂ ವೆಚ್ಚದ ಸೂತ್ರದಲ್ಲಿ ಒಂದು ದಂಡ ಸೇರಿಸಿ. ದರ ಸೊನ್ನೆಗೆ ಬೀಳುವುದು ನಿಲ್ಲುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಶುಚಿಯಾದ ಯಂತ್ರಕ್ಕೆ ಮತ್ತೆ ವೈರಸ್ ಹತ್ತಬಹುದು ಅಂತ ಇಟ್ಟಿದ್ದೀರಿ, ಚೆನ್ನಾಗಿದೆ. 1991ರಲ್ಲಿ ಐಬಿಎಂನ ಸಂಶೋಧಕರು ಕೆಫರ್ಟ್ ಮತ್ತು ವೈಟ್ ಕೂಡ ತಮ್ಮ ಕಂಪ್ಯೂಟರ್ ವೈರಸ್ ಮಾದರಿಯಲ್ಲಿ ಹಾಗೇ ಇಟ್ಟಿದ್ದರು. ಆದರೆ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋಗಿಬರುವ ಪೆನ್‌ಡ್ರೈವ್‌ಗಳು ನಿಮ್ಮ ಸಮೀಕರಣದಲ್ಲಿ ಇಲ್ಲವೇ ಇಲ್ಲ. ಹೊರಗಿನಿಂದ ಸೋಂಕು ಬರುತ್ತಲೇ ಇದ್ದರೆ, ಆರ್-ನಾಟ್ (ಒಂದು ಸೋಂಕಿತ ಯಂತ್ರ ಸರಾಸರಿ ಎಷ್ಟು ಯಂತ್ರಗಳಿಗೆ ಸೋಂಕು ಹತ್ತಿಸುತ್ತದೆ ಅನ್ನುವ ಸಂಖ್ಯೆ) 1ಕ್ಕಿಂತ ಕಡಿಮೆ ಇದ್ದರೂ ವೈರಸ್ ಪೂರ್ತಿ ಹೋಗುವುದಿಲ್ಲ. ಮೊದಲು ಅದನ್ನು ಸೇರಿಸಿ, ಆಮೇಲೆ ದಂಡ ಎಷ್ಟು ಅಂತ ನೋಡಿ.